ನಿಕೋಟಿನ್ ಗಮ್, 2 ಎಂಜಿ, ಪುದೀನ: ನೈಟ್ ಶಿಫ್ಟ್‌ನವನ ರಿವ್ಯೂ

ಸಿಗರೇಟು ಬಿಡಲು ಅದರ ಬದಲು ಅಗಿಯುವ ಗಮ್ ಇದು. ಮೊದಲೇ ಹೇಳಿಬಿಡುತ್ತೇನೆ, ಇದರಲ್ಲಿ ಕಿಕ್ ಇಲ್ಲ. ಮೊದಲ ಧಮ್ಮಿಗೆ ತಲೆ ಜುಮ್ ಅನ್ನುತ್ತದಲ್ಲ, ಅದು ಬೇಕು ಅಂತ ಗಮ್ ಕೊಂಡರೆ ದುಡ್ಡು ದಂಡ.

ಸಿಗರೇಟಿನ ನಿಕೋಟಿನ್ 10ರಿಂದ 20 ಸೆಕೆಂಡಿನಲ್ಲಿ ಮೆದುಳು ಮುಟ್ಟುತ್ತದೆ. ಅಲ್ಲಿ ಡೋಪಮೈನ್ ಅನ್ನುವ ಖುಷಿಯ ರಾಸಾಯನಿಕ ಚಿಮ್ಮುತ್ತದೆ. ಇಷ್ಟು ಬೇಗ ಖುಷಿ ಸಿಕ್ಕರೆ ಮೆದುಳು ಕಲಿಯದೇ ಇರುತ್ತದಾ? ಲೈಟರ್, ಚಹಾ ಗ್ಲಾಸು, ಪಕ್ಕದಲ್ಲಿ ನಿಂತ ಗೆಳೆಯ, ಎಲ್ಲವನ್ನೂ ಆ ಖುಷಿಯ ಜೊತೆ ಗಂಟು ಹಾಕಿಬಿಡುತ್ತದೆ. ಗಮ್‌ನಲ್ಲಿರುವುದು ಬಾಯಿಯ ಒಳಚರ್ಮದಿಂದ ನಿಧಾನಕ್ಕೆ ಇಳಿಯುತ್ತದೆ, 20-30 ನಿಮಿಷ ಹಿಡಿಯುತ್ತದೆ. ಬೇಕು ಬೇಕು ಅನ್ನುವ ಹಟ ತಗ್ಗುತ್ತದೆ, ಮಜಾ ಮಾತ್ರ ಬರುವುದಿಲ್ಲ. ಮಜಾ ಇಲ್ಲದ್ದಕ್ಕೆ ಮೆದುಳು ಅಷ್ಟು ಸುಲಭವಾಗಿ ಅಂಟಿಕೊಳ್ಳುವುದೂ ಇಲ್ಲ.

ನಾನು ಪೀಣ್ಯದಲ್ಲಿ ಸಿಎನ್‌ಸಿ (ಕಂಪ್ಯೂಟರ್ ನಡೆಸುವ ಯಂತ್ರ) ಆಪರೇಟರ್. ನೈಟ್ ಶಿಫ್ಟ್ ಜಾಸ್ತಿ. ನಿದ್ದೆ ತಡೆಯಲು ಸಿಗರೇಟು ಬೇಕೇ ಬೇಕು ಅನ್ನುವುದು ನಮ್ಮ ಶೆಡ್ಡಿನಲ್ಲಿ ಎಲ್ಲರ ಮಾತು. ಆದರೆ ಲೆಕ್ಕ ನೋಡಿ. ರಕ್ತದಲ್ಲಿ ನಿಕೋಟಿನ್ ಸುಮಾರು 2 ಗಂಟೆಗೆ ಅರ್ಧಕ್ಕಿಳಿಯುತ್ತದೆ. ಆಗ ಬರುವ ಮಂಕು, ಕಿರಿಕಿರಿಯಲ್ಲಿ ಈ ಇಳಿತದ್ದೇ ಪಾಲು ದೊಡ್ಡದು. ಇನ್ನೊಂದು ಹಚ್ಚಿ ಅದನ್ನು ಕಳೆದುಕೊಂಡು 'ಚುರುಕಾದೆ' ಅಂದುಕೊಳ್ಳುತ್ತೇವೆ. ಸಾಲ ತಂದು ಬಡ್ಡಿ ಕಟ್ಟಿದ ಹಾಗೆ, ಅಲ್ವಾ?

ಬಳಸುವ ರೀತಿ ಮುಖ್ಯ. ಬಬಲ್ ಗಮ್ ತರಹ ಅಗಿಯಬೇಡಿ. ಸ್ವಲ್ಪ ಅಗಿದು, ನಾಲಿಗೆ ಚುರುಗುಟ್ಟಿದ ಕೂಡಲೇ ಕೆನ್ನೆಗೂ ವಸಡಿಗೂ ನಡುವೆ ಸುಮ್ನೆ ಇಟ್ಟುಕೊಳ್ಳಿ. ಚುರುಚುರು ನಿಂತ ಮೇಲೆ ಮತ್ತೆ ಅಗಿಯಿರಿ. ಗಡಿಬಿಡಿ ಮಾಡಿದರೆ ರಸವೆಲ್ಲ ಹೊಟ್ಟೆಗೆ ಹೋಗಿ ಬಿಕ್ಕಳಿಕೆ, ಎದೆಯುರಿ. ಕಾಫಿ, ಜ್ಯೂಸು, ಸೋಡಾ ಕುಡಿದ ಮೇಲೆ 15 ನಿಮಿಷ ಬಿಡಿ. ಬಾಯಿ ಹುಳಿಯಾಗಿದ್ದರೆ ನಿಕೋಟಿನ್ ಸರಿಯಾಗಿ ಇಳಿಯುವುದಿಲ್ಲ.

ಕಾಫಿಯದ್ದು ಇನ್ನೊಂದು ಕಥೆ ಇದೆ, ಅಂಗಡಿಯವರು ಹೇಳುವುದಿಲ್ಲ. ಸಿಗರೇಟಿನ ಹೊಗೆ ಲಿವರ್‌ನಲ್ಲಿರುವ ಒಂದು ಕಿಣ್ವವನ್ನು ಚುರುಕು ಮಾಡಿ, ಕಾಫಿಯಲ್ಲಿ ನಿದ್ದೆಗೆಡಿಸುವ ಕೆಫೀನನ್ನು ಬೇಗ ಹೊರಗೆ ಹಾಕಿಸುತ್ತದೆ. ಇದು ಹೊಗೆಯ ಕೆಲಸ, ನಿಕೋಟಿನ್‌ದಲ್ಲ. ಹಾಗಾಗಿ ಸೇದುವುದು ನಿಂತ ಮೇಲೆ, ಗಮ್ ಅಗಿಯುತ್ತಿದ್ದರೂ, ಮಾಮೂಲಿ ಕಾಫಿಯೇ ಮೈಯಲ್ಲಿ ಜಾಸ್ತಿ ಹೊತ್ತು ಉಳಿಯುತ್ತದೆ. ಎದೆ ಡವಡವ, ಕೈ ನಡುಕ, ಹಗಲು ಮಲಗಿದರೂ ನಿದ್ದೆ ಇಲ್ಲ. 'ಸಿಗರೇಟು ಬಿಟ್ಟಿದ್ದಕ್ಕೇ ಹೀಗಾಯ್ತು' ಅಂತ ಮತ್ತೆ ಹಚ್ಚಿದವರನ್ನು ನೋಡಿದ್ದೇನೆ. ನಾನು ಕಾಫಿ ಅರ್ಧಕ್ಕಿಳಿಸಿದೆ, ಸರಿಹೋಯಿತು.

ಗಮ್‌ನ ಕೈಗೆ ಎಟುಕದ್ದೂ ಇದೆ. ಗೇಟಿನ ಹೊರಗಿನ ಬೇಕರಿ ಮುಂದೆ ನಿಂತರೆ ಬಾಯಲ್ಲಿ ಗಮ್ ಇದ್ದರೂ ಕೈ ಜೇಬಿಗೆ ಹೋಗುತ್ತದೆ. ಜೊತೆಗೆ 'ಬಾ ಗುರು, ಒಂದೇ ಒಂದು ಧಮ್ಮು' ಅನ್ನುವವರು. ಅದಕ್ಕೇ ಮೊದಲ ಕೆಲವು ವಾರ ಫ್ಲಾಸ್ಕಿನಲ್ಲಿ ಚಹಾ ತಂದು ಕ್ಯಾಂಟೀನಿನಲ್ಲೇ ಕುಡಿದೆ. ಹುಡುಗರು ಆಡಿಕೊಂಡರು, ಆಡಿಕೊಳ್ಳಲಿ.

2 ಎಂಜಿ ಮೆಡಿಕಲ್ ಶಾಪಿನಲ್ಲಿ ಚೀಟಿ ಇಲ್ಲದೆ ಸಿಗುತ್ತದೆ. ಎದ್ದು ಅರ್ಧ ಗಂಟೆಯೊಳಗೆ ಮೊದಲ ಸಿಗರೇಟು ಹಚ್ಚುವವರಿಗೆ 4 ಎಂಜಿ ಬೇಕಾಗಬಹುದು, ಅದಕ್ಕೆ ಡಾಕ್ಟರ್ ಚೀಟಿ ಬೇಕು. ಹೃದಯದ ತೊಂದರೆ ಇರುವವರು, ಬಸುರಿಯರು ಯಾವುದಕ್ಕೂ ಮೊದಲು ಡಾಕ್ಟರನ್ನು ಕೇಳಿ. ಕೋರ್ಸು ಸುಮಾರು 12 ವಾರ: ಮೊದಲ 6 ವಾರ ಗಂಟೆ ಎರಡು ಗಂಟೆಗೊಂದು, ಆಮೇಲೆ ಅಂತರ ಹೆಚ್ಚಿಸುತ್ತ ಹೋಗಬೇಕು. ಸಿಗರೇಟ್ ಪ್ಯಾಕೆಟ್ ಮೇಲೇ ಇರುವ 1800-11-2356ಕ್ಕೆ ಫೋನ್ ಮಾಡಿದರೆ ಪುಕ್ಕಟೆ ಸಲಹೆ ಕೊಡುತ್ತಾರೆ, ಕನ್ನಡದಲ್ಲೂ ಮಾತಾಡುತ್ತಾರೆ.

ಐದಕ್ಕೆ ನಾಲ್ಕು ಸ್ಟಾರ್. ಒಂದು ಕಳೆದದ್ದು ದವಡೆ ನೋವಿಗೆ. ಪುದೀನ ರುಚಿ ಅಂತ ಬರೆದಿದ್ದರೂ ಒಳಗೆ ಮೆಣಸಿನ ಖಾರವೇ ಜಾಸ್ತಿ. ಅಗಿದು ಮುಗಿದದ್ದನ್ನು ಕಾಗದದಲ್ಲಿ ಸುತ್ತಿ, ಮಕ್ಕಳ ಕೈಗೆ ಸಿಗದ ಹಾಗೆ ಎಸೆಯಿರಿ, ಅದರಲ್ಲಿ ಇನ್ನೂ ನಿಕೋಟಿನ್ ಉಳಿದಿರುತ್ತದೆ.