ದೂರದ ಕಾರು ಪ್ರಯಾಣಕ್ಕೆ ಬೆಕ್ಕಿನ ಕ್ಯಾರಿಯರ್: ಯಾವುದು ತಡೆಯುತ್ತದೆ, ಯಾವುದು ಕೈಕೊಡುತ್ತದೆ

ಡಾಕ್ಟರ ಹತ್ತಿರ ಅರ್ಧ ಗಂಟೆ ಹೋಗಿ ಬರಲು ಯಾವ ಕ್ಯಾರಿಯರ್ ಆದರೂ ನಡೆದೀತು. ಆರೇಳು ಗಂಟೆಯ ಕಾರು ಪ್ರಯಾಣದ ಲೆಕ್ಕವೇ ಬೇರೆ. ಅಷ್ಟು ದೂರದಲ್ಲಿ ಬೆಕ್ಕು ಒಮ್ಮೆಯಾದರೂ ಉಚ್ಚೆ ಹೊಯ್ಯುತ್ತದೆ ಅಥವಾ ವಾಂತಿ ಮಾಡುತ್ತದೆ ಎಂದೇ ಇಟ್ಟುಕೊಂಡು ಕೊಳ್ಳಬೇಕು. ಹಾಗೆ ನೋಡಿದರೆ ಮುಂದೊಂದು, ಮೇಲೊಂದು ಬಾಗಿಲಿರುವ ಗಟ್ಟಿ ಪ್ಲಾಸ್ಟಿಕ್ ಪೆಟ್ಟಿಗೆಯೇ ಸರಿ. ನೋಡಲು ಚೆಂದವಿಲ್ಲ, ಮಡಚಿಡಲೂ ಬರುವುದಿಲ್ಲ. ಆದರೆ ನಲ್ಲಿಯ ಕೆಳಗೆ ಹಿಡಿದು ತೊಳೆದು ಒರೆಸಿದರೆ ಐದು ನಿಮಿಷದಲ್ಲಿ ಮತ್ತೆ ಸಿದ್ಧ.

ಮೇಲಿನ ಬಾಗಿಲು ಷೋಕಿಗಲ್ಲ. ಹೆದರಿದ ಬೆಕ್ಕು ಮುಂದಿನ ಬಾಗಿಲಿನ ಚೌಕಟ್ಟಿಗೆ ನಾಲ್ಕೂ ಕಾಲು ಕೊಟ್ಟು ನಿಂತುಬಿಡುತ್ತದೆ. ಎಷ್ಟು ತಳ್ಳಿದರೂ ಒಳಗೆ ಹೋಗದು, ಎಳೆದರೂ ಹೊರಗೆ ಬರದು. ಮೇಲಿನಿಂದಾದರೆ ಹಿಂಗಾಲು ಮೊದಲಾಗಿ ಇಳಿಸಿ ಮುಚ್ಚಬಹುದು. ಮೇಲೆ ಬಾಗಿಲಿಲ್ಲದ ಹಳೆಯ ಪೆಟ್ಟಿಗೆ ಇದ್ದರೆ ಬಾಗಿಲು ಆಕಾಶ ನೋಡುವಂತೆ ಅದನ್ನು ನೆಟ್ಟಗೆ ನಿಲ್ಲಿಸಿ ಇಳಿಸಿ, ಆಮೇಲೆ ನಿಧಾನವಾಗಿ ಮಲಗಿಸಿ.

ಅಂಗಡಿಯಲ್ಲಿ ಬಣ್ಣ ನೋಡುವ ಮೊದಲು ಚಿಲಕ ನೋಡಿ. ಬಾಗಿಲು ಉಕ್ಕಿನ ತಂತಿಯದಾಗಿರಲಿ. ಚಿಲಕದ ಕಡ್ಡಿಗಳು ಮೇಲೂ ಕೆಳಗೂ ಪೂರ್ತಿ ತೂತಿನೊಳಗೆ ಇಳಿಯಬೇಕು. ಮುಚ್ಚಿದ ಬಾಗಿಲಿನ ಮೂಲೆಯನ್ನು ಒಳಗಿನಿಂದ ಮುಷ್ಟಿಯಿಂದ ಒತ್ತಿ; ಬೆರಳು ತೂರುವಷ್ಟು ಸಂದು ಬಿಟ್ಟರೆ ಆ ಪೆಟ್ಟಿಗೆ ಬೇಡ. ಪೆಟ್ಟಿಗೆಯ ಮೇಲರ್ಧ ಕೆಳಅರ್ಧಗಳನ್ನು ಕೆಲವು ಕಂಪನಿಗಳು ಬರೀ ಪ್ಲಾಸ್ಟಿಕ್ ಕ್ಲಿಪ್ಪಿನಿಂದ ಕೂಡಿಸುತ್ತವೆ. ಬಿಸಿಲಿಗೆ ಒಣಗಿದ ಕ್ಲಿಪ್ಪು ಐದು ಕಿಲೋ ಬೆಕ್ಕಿನ ಭಾರಕ್ಕೆ ಟಪ್ ಎಂದು ಬಿಟ್ಟುಕೊಳ್ಳುತ್ತದೆ, ಅದೂ ಹಿಡಿ ಹಿಡಿದು ಎತ್ತಿದ ಹೊತ್ತಿಗೇ. ನಟ್ಟು ಬೋಲ್ಟಿನದು ಸಿಕ್ಕರೆ ಅದನ್ನೇ ಆರಿಸಿ. ಕ್ಲಿಪ್ಪಿನದಾದರೆ ನಾಲ್ಕು ಮೂಲೆಗೂ ಕೇಬಲ್ ಟೈ ಬಿಗಿದು, ಕತ್ತರಿಸಲು ಒಂದು ಕಟರ್ ಕಾರಿನಲ್ಲಿಡಿ.

ಅಳತೆಯಲ್ಲಿ ದೊಡ್ಡದಾದಷ್ಟೂ ಒಳ್ಳೆಯದು ಎಂಬುದು ತಪ್ಪು. ಬೆಕ್ಕು ತಲೆ ತಗ್ಗಿಸದೆ ನಿಲ್ಲಬೇಕು, ತಿರುಗಬೇಕು, ಮೈಚಾಚಿ ಮಲಗಬೇಕು, ಅಷ್ಟೇ ಸಾಕು. ಅದಕ್ಕಿಂತ ದೊಡ್ಡದಾದರೆ ಪ್ರತಿ ಬ್ರೇಕಿಗೂ ಈ ಗೋಡೆಯಿಂದ ಆ ಗೋಡೆಗೆ ಜಾರುತ್ತದೆ.

ಈ ಪೆಟ್ಟಿಗೆಗಳ ನಿಜವಾದ ಕುಂದು ತಳ. ನುಣುಪು ಪ್ಲಾಸ್ಟಿಕ್ಕಿನ ಮೇಲೆ ಉಗುರು ನಿಲ್ಲುವುದಿಲ್ಲ. ಜೊತೆಗೆ ಕೊಡುವ ದಪ್ಪ ಮೆತ್ತೆಯೂ ಜಾರಿ ಮೂಲೆ ಸೇರುತ್ತದೆ, ಉಚ್ಚೆ ಹೀರಿದರೆ ದಾರಿಯಲ್ಲಿ ಒಣಗುವ ಮಾತೇ ಇಲ್ಲ. ಅದನ್ನು ಮನೆಯಲ್ಲೇ ಬಿಡಿ. ಅಡಿಯಲ್ಲಿ ಜಾರದ ರಬ್ಬರ್ ಹಾಸು, ಮೇಲೆ ಪ್ಲಾಸ್ಟಿಕ್ ಬೆನ್ನಿನ ಹೀರುವ ಪ್ಯಾಡು, ಅದರ ಮೇಲೆ ಬೆಕ್ಕು ದಿನಾ ಮಲಗುವ, ಒಗೆಯದ ತೆಳು ಬಟ್ಟೆ. ಪ್ಯಾಡು ಮತ್ತು ಬಟ್ಟೆಯ ಇನ್ನೊಂದು ಜೊತೆಯನ್ನೂ ಮೊದಲೇ ಅಡಿಯಲ್ಲಿ ಹಾಸಿಟ್ಟರೆ ಒದ್ದೆಯಾದದ್ದನ್ನು ಎಳೆದು ಚೀಲಕ್ಕೆ ಹಾಕಿದರಾಯಿತು. ತೊಳೆಯುವಾಗ ನೀರಿಗೆ ಬಿದ್ದೊಡನೆ ಹಾಲಿನಂತೆ ಬೆಳ್ಳಗಾಗುವ ಫಿನಾಲ್ ದ್ರಾವಣಗಳನ್ನು ಬಳಸಬೇಡಿ. ಬೆಕ್ಕಿನ ಯಕೃತ್ತಿಗೆ ಫಿನಾಲನ್ನು ಅರಗಿಸುವ ಶಕ್ತಿ ತೀರ ಕಡಿಮೆ. ಅದು ಪಂಜಕ್ಕೆ ಅಂಟುತ್ತದೆ, ಬೆಕ್ಕು ಪಂಜ ನೆಕ್ಕುತ್ತದೆ.

ಬಟ್ಟೆಯ ಬ್ಯಾಗು ಹಗುರ, ವಿಮಾನದ ಸೀಟಿನ ಕೆಳಗೆ ಹೋಗುತ್ತದೆ, ಅದು ಒಪ್ಪತಕ್ಕದ್ದೇ. ಕಾರಿನಲ್ಲಿ ಗಂಟೆಗಟ್ಟಲೆ ಇಟ್ಟಾಗ ಮೊದಲು ಸೋಲುವುದು ಜಿಪ್ಪು. ಜಿಪ್ಪಿನ ತುದಿಯಲ್ಲಿ ಒಂದು ಸೆಂಟಿಮೀಟರ್ ಬಾಯಿ ಬಿಟ್ಟಿದ್ದರೂ ಸಾಕು, ಬೆಕ್ಕು ಮೂತಿ ಒಡ್ಡಿ ಒಡ್ಡಿ ಅದನ್ನು ತೆರೆಯುತ್ತದೆ. ಜಿಪ್ಪಿನ ಎರಡು ಕೊಂಡಿಗಳನ್ನು ಕೂಡಿಸಿ ಸಿಕ್ಕಿಸುವ ಕ್ಲಿಪ್ ಇಲ್ಲದ ಬ್ಯಾಗನ್ನು ಮುಟ್ಟಬೇಡಿ. ಹೊಲಿಗೆಯೊಳಗೆ ಇಳಿದ ಉಚ್ಚೆಯ ವಾಸನೆ ಎಷ್ಟು ಒಗೆದರೂ ಪೂರ್ತಿ ಹೋಗದು. ಇನ್ನು ಗುಮ್ಮಟದ ಕಿಟಕಿಯಿರುವ ಬೆನ್ನುಚೀಲ: ಗಾಳಿಗೆ ನಾಲ್ಕು ತೂತು, ಬಿಸಿಲಿಗೆ ಪಾರದರ್ಶಕ ಮುಚ್ಚಳ, ಕಾಲು ಚಾಚಲು ಜಾಗವಿಲ್ಲ. ಕಾರಿಗೆ ಬೇಡವೇ ಬೇಡ.

ಒಳ್ಳೆಯ ಪೆಟ್ಟಿಗೆಯನ್ನೂ ತಪ್ಪು ಜಾಗದಲ್ಲಿಟ್ಟರೆ ಕೆಟ್ಟದ್ದೇ. ಮುಂದಿನ ಸೀಟಿನ ಹಿಂದೆ, ಕಾರಿನ ನೆಲದ ಮೇಲೆ ಇಟ್ಟು, ಉಳಿದ ಸಂದಿಗೆ ಸುತ್ತಿದ ಟವೆಲ್ ತುರುಕಿ. ಸೀಟಿನ ಮೇಲಿಟ್ಟು ಹಿಡಿಯೊಳಗೆ ಬೆಲ್ಟ್ ತೂರಿಸುವುದು ಎಲ್ಲರೂ ಮಾಡುವ ಕೆಲಸ. ಅಪಘಾತದ ಎಳೆತಕ್ಕೆ ಹಿಡಿ ಕಿತ್ತುಬರುತ್ತದೆ, ಇಲ್ಲವೇ ಬೆಲ್ಟೇ ಪೆಟ್ಟಿಗೆಯನ್ನು ಅಮುಕುತ್ತದೆ. ಡಿಕ್ಕಿ ಹೊಡೆಸಿ ನೋಡುವ ಪರೀಕ್ಷೆಯಲ್ಲಿ ಪಾಸಾಗದ ಕ್ಯಾರಿಯರಿಗೆ ಬೆಲ್ಟ್ ಹಾಕಬೇಡಿ ಎಂದು ಅಮೆರಿಕದ ಸೆಂಟರ್ ಫಾರ್ ಪೆಟ್ ಸೇಫ್ಟಿ ಹೇಳುವುದು ಇದಕ್ಕೇ. ಏರ್‌ಬ್ಯಾಗಿನ ಎದುರು ಮುಂದಿನ ಸೀಟಿನಲ್ಲಂತೂ ಇಡಲೇಬಾರದು. ತೆಳು ಬಟ್ಟೆಯಿಂದ ಮೂರು ಬದಿ ಮುಚ್ಚಿ, ಒಂದು ಬದಿ ಗಾಳಿಗೆ ಬಿಡಿ.

ದೊಡ್ಡ ಕಾರಿದ್ದು ಇಡೀ ದಿನದ ದಾರಿಯಾದರೆ ನಾಯಿಯ ತಂತಿ ಪಂಜರದಲ್ಲಿ ಚಿಕ್ಕ ಲಿಟರ್ ಟ್ರೇ ಇಟ್ಟು, ಪಂಜರವನ್ನು ಕಾರಿನ ಕೊಕ್ಕೆಗಳಿಗೆ ಬಿಗಿಯಬಹುದು. ಪೆಟ್ಟಿಗೆಯಲ್ಲೇ ಹೋಗುವವರು ನಾಲ್ಕೈದು ಗಂಟೆಗೊಮ್ಮೆ ಕಾರು ನಿಲ್ಲಿಸಿ, ಬಾಗಿಲು ಕಿಟಕಿ ಪೂರ್ತಿ ಮುಚ್ಚಿಕೊಂಡು, ಟ್ರೇ ತೋರಿಸಿ, ಸ್ವಲ್ಪ ನೀರಿಡಿ. ಮನೆಯ ಟ್ರೇಯ ಬಳಸಿದ ಮರಳು ಒಂದು ಹಿಡಿ ಬೆರೆಸಿದ್ದರೆ ಬೆಕ್ಕಿಗೆ ಗುರುತು ಹತ್ತುತ್ತದೆ. ಹಾಗಿದ್ದೂ ಎಷ್ಟೋ ಬೆಕ್ಕುಗಳು ಊರು ಸೇರುವ ತನಕ ತಡೆದುಕೊಳ್ಳುತ್ತವೆ, ಗಾಬರಿ ಬೇಡ. ಆದರೆ ಗಂಡು ಬೆಕ್ಕು ಟ್ರೇಯಲ್ಲಿ ಕೂತು ತಿಣುಕುತ್ತಿದ್ದು ಉಚ್ಚೆ ಬಾರದಿದ್ದರೆ ಅದು ತುರ್ತು, ಅಲ್ಲಿಂದಲೇ ಡಾಕ್ಟರ ಬಳಿ ಓಡಿ. ಬಾಯಿ ತೆರೆದು ನಾಯಿಯಂತೆ ಏದುಸಿರು ಬಿಟ್ಟರೂ ಅಷ್ಟೇ: ನಿಲ್ಲಿಸಿ, ತಂಪು ಮಾಡಿ, ಕಡಿಮೆಯಾಗದಿದ್ದರೆ ಡಾಕ್ಟರು.

ಹೊರಡುವ ಮೂರ್ನಾಲ್ಕು ಗಂಟೆ ಮೊದಲೇ ಊಟ ಮುಗಿದಿರಲಿ. ಬೆಕ್ಕಿಗೆ ನೆಮ್ಮದಿ ಕೊಡುವ ವಾಸನೆಯ ಫೆರೊಮೋನ್ ಸ್ಪ್ರೇ ಬಳಸುವುದಾದರೆ ಬೆಕ್ಕನ್ನು ಕೂರಿಸುವ ಹದಿನೈದು ನಿಮಿಷ ಮೊದಲು ಬಟ್ಟೆಗೆ ಹೊಡೆದು ಅದರ ಆಲ್ಕೋಹಾಲ್ ಆರಲು ಬಿಡಿ. ತೀರ ಹೆದರುವ ಬೆಕ್ಕಿಗೆ ಡಾಕ್ಟರು ಹೆದರಿಕೆ ತಗ್ಗಿಸುವ ಗ್ಯಾಬಪೆಂಟಿನ್ ಔಷಧ ಬರೆದುಕೊಟ್ಟರೆ ಅದನ್ನು ಮನೆಯಲ್ಲೊಂದು ದಿನ ಕೊಟ್ಟು ನೋಡಿರಬೇಕು. ಅದು ಕೆಲವು ಬೆಕ್ಕುಗಳನ್ನು ತೂರಾಡಿಸುತ್ತದೆ, ಆಗ ತಳದ ರಬ್ಬರ್ ಹಾಸು ಇನ್ನೂ ಮುಖ್ಯ. ಪೆಟ್ಟಿಗೆಯನ್ನು ಎರಡು ವಾರ ಮೊದಲೇ ತಂದು, ಬಾಗಿಲು ಕಳಚಿ ಕೋಣೆಯಲ್ಲಿಟ್ಟು ಅದರೊಳಗೇ ಊಟ ಹಾಕಿ. ಹೊರಡುವ ಹಿಂದಿನ ದಿನ ಬಾಗಿಲು ಕೂಡಿಸುವಾಗ ಚಿಲಕವನ್ನು ಇನ್ನೊಮ್ಮೆ ಒತ್ತಿ ನೋಡಿ.