ಸೈಕಲ್ ಡಿಸ್ಕ್ ಬ್ರೇಕ್, ಮೂರು ವರ್ಷ, 9,000 ಕಿ.ಮೀ.: ಕಿರುಚಾಟಕ್ಕೂ ನಡುಕಕ್ಕೂ ಸಿಕ್ಕ ಮದ್ದು

ಮೊದಲೇ ಹೇಳಿಬಿಡುತ್ತೇನೆ, ಬ್ರೇಕ್ ಚೆನ್ನಾಗಿದೆ. ಸೈಕಲ್ ತಂದಾಗ ಇದ್ದದ್ದೇ ಈಗಲೂ ಇದೆ. ಬದಲಾಯಿಸುವ ಯೋಚನೆಯೂ ಇಲ್ಲ. ಆದರೆ ಮಧ್ಯದಲ್ಲಿ ಹೆಚ್ಚು ಕಮ್ಮಿ ಒಂದು ವರ್ಷ ಇದರ ಸದ್ದು, ನಡುಕ ನೋಡಿ ನನಗೆ ಸಾಕಾಗಿ ಹೋಗಿತ್ತು. ಸೈಕಲ್ಲನ್ನೇ ಮಾರಿಬಿಡೋಣ ಅನ್ನುವಷ್ಟು. ಅದೇ ತೊಂದರೆಯಲ್ಲಿ ಇರುವವರಿಗಾಗಿ ಇದನ್ನು ಸ್ವಲ್ಪ ವಿವರವಾಗಿ ಬರೆಯುತ್ತಿದ್ದೇನೆ.

ನಮ್ಮ ಮನೆ ಚಿಕ್ಕಬಳ್ಳಾಪುರದಲ್ಲಿ, ಕೆಲಸ ಮುದ್ದೇನಹಳ್ಳಿ ಕಡೆ. ಸರ್ ಎಂ. ವಿಶ್ವೇಶ್ವರಯ್ಯನವರು ಹುಟ್ಟಿದ ಊರು ಅಂದರೆ ಎಲ್ಲರಿಗೂ ಗೊತ್ತಾಗುತ್ತದೆ. ದಿನಕ್ಕೆ ಹೋಗಿ ಬರಲು ಸುಮಾರು 14 ಕಿ.ಮೀ. ಆಗುತ್ತದೆ. ತಿಂಗಳಿಗೆ ಒಂದೆರಡು ಭಾನುವಾರ ನಂದಿ ಬೆಟ್ಟ. ಸೈಕಲ್ ಹೈಬ್ರಿಡ್, ಮುಂದೆ ಹಿಂದೆ 160 ಮಿ.ಮೀ. ಡಿಸ್ಕ್, ಅಂದರೆ ಚಕ್ರದ ಜೊತೆ ತಿರುಗುವ ತಟ್ಟೆ. ದ್ರವದ ಒತ್ತಡದಿಂದ ಕೆಲಸ ಮಾಡುವ ಹೈಡ್ರಾಲಿಕ್ ಅಲ್ಲ, ಕೇಬಲ್ ಎಳೆಯುವ ಬಗೆ. ಕಡಿಮೆ ಬೆಲೆಯ ಡಿಸ್ಕ್ ಸೈಕಲ್‌ಗಳಲ್ಲಿ ಜಾಸ್ತಿ ಬರುವುದು ಇದೇ. ಆದ್ದರಿಂದ ಕಂಪನಿ ಯಾವುದಾದರೂ ನಾನು ಹೇಳುವುದು ಬಹುಪಾಲು ಹೊಂದುತ್ತದೆ.

ಮೊದಲ ಎಂಟು ತಿಂಗಳು ಒಂದೇ ಒಂದು ತಕರಾರು ಇರಲಿಲ್ಲ. ಕೇಬಲ್ ಸ್ವಲ್ಪ ಜಗ್ಗಿದಾಗ ಲಿವರ್ ಹತ್ತಿರದ ಸ್ಕ್ರೂ ತಿರುಗಿಸಿ ಬಿಗಿ ಮಾಡುತ್ತಿದ್ದೆ, ಅಷ್ಟೇ.

ಆಮೇಲೆ ಒಂದು ದಿನ ಸೈಕಲ್ಲನ್ನು ವಾಟರ್ ಸರ್ವಿಸ್‌ಗೆ ಕೊಟ್ಟೆ. ಮಳೆಗಾಲ, ಕೆಂಪು ಮಣ್ಣು ಮೆತ್ತಿಕೊಂಡಿತ್ತು. ಬೈಕ್ ತೊಳೆಯುವ ಹುಡುಗ ಪ್ರೀತಿಯಿಂದಲೇ ತೊಳೆದ. ಕೊನೆಗೆ ಬೈಕ್‌ಗೆ ಹೊಡೆಯುವ ಹಾಗೆ ಇದಕ್ಕೂ ಮೇಲಿಂದ ಕೆಳಗಿನವರೆಗೆ ಪಾಲಿಶ್ ಸ್ಪ್ರೇ ಹೊಡೆದ. ಸೈಕಲ್ ಫಳಫಳ ಅನ್ನುತ್ತಿತ್ತು. ವಾಪಸ್ ಬರುವಾಗ ಬಿ.ಬಿ. ರೋಡ್‌ನಲ್ಲಿ ಮುಂದಿನ ಬ್ರೇಕ್ ಹಿಡಿದೆ. ಕೀಈಈ ಎಂದು ಎಂಥ ಸದ್ದು ಅಂದರೆ, ಪಕ್ಕದ ಹೂವಿನ ಗಾಡಿಯವರು ಕೈಯಲ್ಲಿದ್ದ ಮಾರು ಬಿಟ್ಟು ತಿರುಗಿ ನೋಡಿದರು.

ಮಾರನೆಯ ದಿನ ಒಂದು ಅಂಗಡಿಗೆ ತೆಗೆದುಕೊಂಡು ಹೋದೆ. "ಏನಿಲ್ಲ ಮೇಡಂ, ಡ್ರೈ ಆಗಿದೆ. ಎರಡು ಹನಿ ಆಯಿಲ್ ಬಿಟ್ರೆ ಸರಿಹೋಗುತ್ತೆ" ಅಂದರು. ಬಿಟ್ಟರು. ಸದ್ದು ನಿಂತಿತು. ಅದರ ಜೊತೆಗೆ ಬ್ರೇಕೂ ನಿಂತಿತು. ಇಳಿಜಾರಿನಲ್ಲಿ ಲಿವರ್ ಹ್ಯಾಂಡಲ್‌ಗೆ ತಾಗುವವರೆಗೆ ಹಿಡಿದರೂ ಸೈಕಲ್ ಜಾರುತ್ತಲೇ ಹೋಯಿತು. ಕಾಲು ಊರಿ, ಹಿಂದಿನ ಬ್ರೇಕ್ ಹಿಡಿದು ಹೇಗೋ ನಿಲ್ಲಿಸಿದೆ. ಎದುರಿಗೆ ಟಿಪ್ಪರ್ ಬರುತ್ತಿತ್ತು. ಈಗಲೂ ನೆನೆಸಿಕೊಂಡರೆ ಎದೆ ಝಲ್ ಅನ್ನುತ್ತದೆ. ದಯವಿಟ್ಟು ಇದೊಂದು ಮಾತು ಕೇಳಿ. ಡಿಸ್ಕ್‌ಗೆ, ಅದನ್ನು ಎರಡೂ ಕಡೆಯಿಂದ ಒತ್ತಿ ಹಿಡಿಯುವ ಪ್ಯಾಡ್‌ಗೆ ಎಣ್ಣೆ ಬಿಡಲು ಯಾರಿಗೂ ಬಿಡಬೇಡಿ. ಚೈನ್‌ಗೆ ಎಣ್ಣೆ ಬೇಕು. ಬ್ರೇಕ್ ಕೆಲಸ ಮಾಡುವುದೇ ಉಜ್ಜಾಟದಿಂದ, ಅಲ್ವಾ?

ಸದ್ದು ಯಾಕೆ ಬರುತ್ತದೆ ಅನ್ನುವುದು ನನಗೆ ಆಮೇಲೆ ಅರ್ಥವಾಯಿತು. ಡಿಸ್ಕ್ ಅಂದರೆ ಎರಡು ಮಿ.ಮೀ. ಕೂಡ ದಪ್ಪ ಇಲ್ಲದ ಉಕ್ಕಿನ ತಟ್ಟೆ. ದೇವಸ್ಥಾನದ ಜಾಗಟೆ ನೋಡಿದ್ದೀರಲ್ಲ, ಹಾಗೆ. ಪ್ಯಾಡ್ ಒಂದೇ ಸಮನೆ ಉಜ್ಜಿದರೆ ತೊಂದರೆ ಇಲ್ಲ. ಮೇಲ್ಮೈಯಲ್ಲಿ ಎಣ್ಣೆ ಅಂಶವೋ, ಸುಟ್ಟು ಗಾಜಿನಂತಾದ ಪದರವೋ ಇದ್ದರೆ ಪ್ಯಾಡ್ ಹಿಡಿಯುತ್ತದೆ, ಜಾರುತ್ತದೆ, ಮತ್ತೆ ಹಿಡಿಯುತ್ತದೆ. ಸೆಕೆಂಡಿಗೆ ನೂರಾರು ಸಲ ಹೀಗಾದರೆ ತಟ್ಟೆ ಮೊಳಗುತ್ತದೆ. ಆ ಮೊಳಗೇ ನಮಗೆ ಕೇಳುವ ಕಿರುಚಾಟ.

ಆ ಭಾನುವಾರ ಮನೆ ಮುಂದೆ ಚಾಪೆ ಹಾಸಿ ಕೂತೆ. ಐಸೋಪ್ರೊಪೈಲ್ ಆಲ್ಕೋಹಾಲ್ ಬೇಕಿತ್ತು. ಮೊಬೈಲ್ ರಿಪೇರಿ ಅಂಗಡಿಯವರು ಬೋರ್ಡ್ ತೊಳೆಯಲು ಇಟ್ಟುಕೊಂಡಿರುತ್ತಾರೆ, ಅವರ ಹತ್ತಿರವೇ ಒಂದು ಸಣ್ಣ ಬಾಟಲಿ ತಂದೆ. ಮೆಡಿಕಲ್ ಸ್ಟೋರಿನ ಸರ್ಜಿಕಲ್ ಸ್ಪಿರಿಟ್ ತರಬೇಡಿ. ಚರ್ಮ ಒಣಗದಿರಲಿ ಎಂದು ಕೆಲವದರಲ್ಲಿ ಹರಳೆಣ್ಣೆ ಸೇರಿಸಿರುತ್ತಾರೆ. ಒಗೆದ ಹಳೆ ಬನಿಯನ್ ಬಟ್ಟೆಯನ್ನು ಅದರಲ್ಲಿ ಅದ್ದಿ ಡಿಸ್ಕ್ ಒರೆಸಿದೆ. ಬಟ್ಟೆ ಕಪ್ಪಾಯಿತು. ಇನ್ನೊಂದು ತುಂಡು, ಅದೂ ಕಪ್ಪು. ಐದನೆಯ ತುಂಡು ಬಿಳಿಯಾಗಿಯೇ ಉಳಿದಾಗ ನಿಲ್ಲಿಸಿದೆ.

ಪ್ಯಾಡ್ ಹೊರಗೆ ತೆಗೆದು ಬಿಸಿಲಿಗೆ ಹಿಡಿದೆ. ಒಳ್ಳೆಯ ಪ್ಯಾಡ್‌ನ ಮೈ ಹಳೆಯ ಬಳಪದ ಸ್ಲೇಟಿನ ಹಾಗೆ ಮಂಕಾಗಿರಬೇಕು. ಇದು ಎಣ್ಣೆ ಹಚ್ಚಿದ ದೋಸೆ ಹೆಂಚಿನಂತೆ ಮಿನುಗುತ್ತಿತ್ತು. 120ರ ಉಪ್ಪು ಕಾಗದವನ್ನು ಸಮತಟ್ಟಾದ ಕಡಪ ಕಲ್ಲಿನ ಮೇಲೆ ಇಟ್ಟು, ಎಂಟರ ಆಕಾರದಲ್ಲಿ ಮೆಲ್ಲಗೆ ಉಜ್ಜಿದೆ. ಮಿನುಗು ಹೋಯಿತು. ಆದರೆ ಎರಡೇ ದಿನದಲ್ಲಿ ಸದ್ದು ವಾಪಸ್ ಬಂತು. ಪ್ಯಾಡ್‌ನಲ್ಲಿ ಸಣ್ಣ ಸಣ್ಣ ರಂಧ್ರ ಇರುತ್ತವೆ, ಎಣ್ಣೆ ಒಳಗೆ ಇಳಿದಿದ್ದರೆ ಬಿಸಿಯಾದಾಗ ಮತ್ತೆ ಮೇಲೆ ಬರುತ್ತದೆ. ಗ್ಯಾಸ್ ಒಲೆಯ ಮೇಲಿಟ್ಟು ಸುಡಿ ಎಂದು ಕೆಲವರು ಹೇಳುತ್ತಾರೆ. ನಾನು ಮಾಡಲಿಲ್ಲ, ನೀವೂ ಮಾಡಬೇಡಿ, ಆ ಹೊಗೆ ಒಳ್ಳೆಯದಲ್ಲ. 320 ರೂಪಾಯಿ ಕೊಟ್ಟು ರಾಳದಿಂದ ಬೆಸೆದ ಹೊಸ ರೆಸಿನ್ ಪ್ಯಾಡ್ ಜೋಡಿ ತಂದೆ. ಲೋಹ ಬೆರೆತ ಸಿಂಟರ್ಡ್ ಪ್ಯಾಡ್ ಮಳೆಯಲ್ಲಿ ಜಾಸ್ತಿ ದಿನ ಬಾಳುತ್ತದೆ, ಆದರೆ ಸದ್ದು ಜಾಸ್ತಿ. ಕೆಲವು ಡಿಸ್ಕ್‌ಗಳ ಮೇಲೆ ರೆಸಿನ್ ಪ್ಯಾಡ್ ಮಾತ್ರ ಎಂದು ಕೊರೆದಿರುತ್ತದೆ, ಅಂಥದಕ್ಕೆ ಸಿಂಟರ್ಡ್ ಹಾಕಲೇಬಾರದು.

ಹೊಸ ಪ್ಯಾಡ್ ಹಾಕಿದ ಮೇಲೆ ಪಳಗಿಸುವ ಕೆಲಸ ಒಂದಿದೆ. ಹೆಚ್ಚಿನವರು ಇದನ್ನು ಬಿಟ್ಟುಬಿಡುತ್ತಾರೆ. ಬೆಳಗ್ಗೆ ಆರಕ್ಕೆ ಮುದ್ದೇನಹಳ್ಳಿ ರಸ್ತೆಯಲ್ಲಿ ಗಾಡಿ ಕಡಿಮೆ. 20 ಕಿ.ಮೀ. ವೇಗಕ್ಕೆ ಹೋಗುವುದು, ಮುಂದಿನ ಬ್ರೇಕ್ ಒಂದೇ ಸಮನೆ ಹಿಡಿದು ನಡೆಯುವ ವೇಗಕ್ಕೆ ಇಳಿಸುವುದು, ಚಕ್ರ ಲಾಕ್ ಆಗುವ ಮುಂಚೆ ಬಿಡುವುದು. ಹೀಗೆ ಇಪ್ಪತ್ತು ಸಲ. ಮೊದಲ ನಾಲ್ಕೈದು ಸಲ ಬ್ರೇಕ್ ಹಿಡಿದ ಹಾಗೇ ಅನ್ನಿಸುವುದಿಲ್ಲ. ಹತ್ತಕ್ಕೆ ಬರುವಾಗ ಕೈಗೆ ವ್ಯತ್ಯಾಸ ಗೊತ್ತಾಗುತ್ತದೆ. ಪ್ಯಾಡ್‌ನ ತೆಳು ಪದರವೊಂದು ಡಿಸ್ಕ್ ಮೇಲೆ ಸಮನಾಗಿ ಕೂರುತ್ತದೆ, ಅದೇ ಹಿಡಿತ ಕೊಡುವುದು. ಕಿರುಚಾಟ ಅಲ್ಲಿಗೆ ಮುಗಿಯಿತು.

ನಡುಕ ಮಾತ್ರ ಹೋಗಲಿಲ್ಲ.

ಇದು ಬೇರೆ ಥರ. ನಿಲ್ಲುವ ಹೊತ್ತಿಗೆ, ವೇಗ ಕಡಿಮೆ ಇರುವಾಗ, ಮುಂದಿನ ಚಕ್ರ ಹಿಡಿದಿರುವ ಫೋರ್ಕ್ ಗುರ್ ಗುರ್ ಎಂದು ಅದುರುತ್ತಿತ್ತು. ಅಂಗೈಗೆ ಜುಮ್ ಅನ್ನುವಷ್ಟು. ಡಿಸ್ಕ್‌ನ ಆರು ಬೋಲ್ಟ್ ನೋಡಿದೆ. ನಕ್ಷತ್ರದ ತಲೆಯ ಟಿ25 ಕೀ ಬೇಕು. ಒಂದು ಸಡಿಲವಿತ್ತು. ಎದುರುಬದುರಿನ ಬೋಲ್ಟ್‌ಗಳನ್ನು ಸ್ವಲ್ಪ ಸ್ವಲ್ಪವೇ ಬಿಗಿ ಮಾಡಿದೆ. ನಡುಕ ಕೊಂಚ ಇಳಿಯಿತು. ಪ್ಯಾಡ್‌ಗಳನ್ನು ಹಿಡಿದಿರುವ ಕ್ಯಾಲಿಪರ್ ಸರಿಯಾಗಿ ಕೂರಿಸಿದೆ. ನನ್ನ ಬ್ರೇಕ್‌ನಲ್ಲಿ ಹೊರಗಿನ ಪ್ಯಾಡ್ ಮಾತ್ರ ಚಲಿಸುತ್ತದೆ, ಅದು ಡಿಸ್ಕನ್ನು ಒಳಗಿನ ಪ್ಯಾಡ್‌ಗೆ ಒತ್ತುತ್ತದೆ. ಆದ್ದರಿಂದ ಒಳಗಿನ ಪ್ಯಾಡ್ ಮತ್ತು ಡಿಸ್ಕ್ ನಡುವೆ ಒಂದು ವಿಸಿಟಿಂಗ್ ಕಾರ್ಡ್ ನುಸುಳುವಷ್ಟೇ ಜಾಗ ಬಿಡಬೇಕು. ಕ್ಯಾಲಿಪರ್‌ನ ಎರಡು ಬೋಲ್ಟ್ ಸಡಿಲ ಮಾಡಿ, ಲಿವರ್ ಗಟ್ಟಿಯಾಗಿ ಹಿಡಿದುಕೊಂಡೇ, ಒಂದಾದ ಮೇಲೆ ಒಂದು ಕಾಲು ಕಾಲು ಸುತ್ತು ಬಿಗಿ ಮಾಡಿದರೆ ಅದೇ ನೇರವಾಗಿ ಕೂರುತ್ತದೆ. ಚಕ್ರ ತಿರುಗುವಾಗ ಸುತ್ತಿಗೊಮ್ಮೆ ಬರುತ್ತಿದ್ದ ಶಿಕ್ ಶಿಕ್ ಸದ್ದು ಇದರಿಂದ ಹೋಯಿತು. ನಡುಕ ಹೋಗಲಿಲ್ಲ. ಡಿಸ್ಕೇ ಸೊಟ್ಟಗಾಗಿರಬೇಕು ಎಂದು 600 ರೂಪಾಯಿಗೆ ಹೊಸ ಡಿಸ್ಕ್ ಹಾಕಿಸಿದೆ. ಸುಮ್ನೆ ಖರ್ಚು. ನಡುಕ ಅಲ್ಲೇ ಇತ್ತು.

ಉತ್ತರ ಸಿಕ್ಕಿದ್ದು ನಂದಿ ಬೆಟ್ಟದ ಮೇಲೆ. ಡಿಸೆಂಬರ್ ಬೆಳಗ್ಗೆ, ಮಂಜು ಇನ್ನೂ ಎದ್ದಿರಲಿಲ್ಲ. ಟೀ ಕುಡಿಯುತ್ತಾ, ಇಳಿಯುವಾಗ ಈ ನಡುಕ ನೆನೆಸಿಕೊಂಡರೆ ಭಯ ಆಗುತ್ತದೆ ಎಂದು ಪಕ್ಕದಲ್ಲಿದ್ದ ಹುಡುಗನ ಹತ್ತಿರ ಹೇಳಿದೆ. ಅವನು ಬೆಂಗಳೂರಿನಿಂದ ಸೈಕಲ್‌ನಲ್ಲೇ ಬಂದಿದ್ದ.

"ಅಕ್ಕಾ, ಮುಂದಿನ ಬ್ರೇಕ್ ಗಟ್ಟಿಯಾಗಿ ಹಿಡ್ಕೊಂಡು ಸೈಕಲ್ ಮುಂದಕ್ಕೆ ಹಿಂದಕ್ಕೆ ಅಲ್ಲಾಡಿಸಿ ನೋಡೋಣ."

ಅಲ್ಲಾಡಿಸಿದೆ. ಟಕ್, ಟಕ್.

"ಇಲ್ಲಿ ಬೆರಳಿಡಿ" ಅಂದ. ಹ್ಯಾಂಡಲ್ ಕೆಳಗೆ, ಫ್ರೇಮ್ ಮತ್ತು ಫೋರ್ಕ್ ಸೇರುವ ಜಾಗ. ಬೆರಳಿನ ತುದಿಗೆ ಕೂದಲೆಳೆಯಷ್ಟು ಅಲುಗಾಟ ಗೊತ್ತಾಯಿತು. ಅಲ್ಲಿನ ಬೇರಿಂಗ್, ಅಂದರೆ ಹೆಡ್‌ಸೆಟ್, ಸಡಿಲ ಆಗಿತ್ತು. ಬೈಕ್ ಮೆಕ್ಯಾನಿಕ್‌ಗಳು ಕೋನ್ ಸೆಟ್ ಅನ್ನುವುದು ಇದಕ್ಕೇ. ನಾನು ಇಷ್ಟು ದಿನ ಚಕ್ರದ ಹತ್ತಿರವೇ ಹುಡುಕುತ್ತಿದ್ದೆ. ಬ್ರೇಕ್ ಹಿಡಿದಾಗ ಫೋರ್ಕ್ ಹಿಂದಕ್ಕೆ ಬಾಗುತ್ತದೆ. ಮೇಲೆ ಅಲುಗಾಟ ಇದ್ದರೆ ಅಲ್ಲಿ ಹೋಗಿ ಬಡಿಯುತ್ತದೆ, ಪ್ಯಾಡ್ ಒಂದು ಕ್ಷಣ ಜಾರುತ್ತದೆ, ಫೋರ್ಕ್ ಮುಂದಕ್ಕೆ ಚಿಮ್ಮುತ್ತದೆ, ಮತ್ತೆ ಹಿಂದಕ್ಕೆ. ಅದೇ ಗುರ್ ಗುರ್.

ಆ ಹುಡುಗ ತನ್ನ ಅಲೆನ್ ಕೀ ತೆಗೆದ. ಹ್ಯಾಂಡಲ್ ಹಿಡಿದಿರುವ ಸ್ಟೆಮ್‌ನ ಪಕ್ಕದ ಎರಡು ಬೋಲ್ಟ್ ಮೊದಲು ಸಡಿಲ ಮಾಡಿದ. ಮೇಲಿನ ಮುಚ್ಚಳದ ಬೋಲ್ಟ್ ಕಾಲು ಸುತ್ತು ಬಿಗಿ ಮಾಡಿ, ಅಲ್ಲಾಡಿಸಿ ನೋಡಿ, ಇನ್ನೊಂದು ಕಾಲು ಸುತ್ತು. ಹ್ಯಾಂಡಲ್ ಸಲೀಸಾಗಿ ತಿರುಗುತ್ತಿದೆಯಾ ಎಂದು ನೋಡಿ, ಚಕ್ರಕ್ಕೆ ನೇರ ಮಾಡಿ, ಪಕ್ಕದ ಬೋಲ್ಟ್‌ಗಳನ್ನು ಮತ್ತೆ ಬಿಗಿದ. ಐದು ನಿಮಿಷ. ದುಡ್ಡು ಇಲ್ಲ, ಟೀಗೂ ಅವನೇ ಕೊಟ್ಟ. ಆ ದಿನ ಬೆಟ್ಟ ಇಳಿದಾಗ ಬ್ರೇಕ್ ಸದ್ದೇ ಇಲ್ಲದೆ ಹಿಡಿಯಿತು. ಸುಲ್ತಾನಪೇಟೆ ಕಡೆಯ ಬಂಡೆ, ಕೆಳಗಿನ ದ್ರಾಕ್ಷಿ ತೋಟಗಳು, ಎಲ್ಲವನ್ನೂ ನೋಡಿಕೊಂಡು ಇಳಿದೆ.

ಸಸ್ಪೆನ್ಷನ್ ಫೋರ್ಕ್ ಇದ್ದವರಿಗೆ ಒಂದು ಮಾತು. ಟಕ್ ಎನ್ನುವ ಸದ್ದು ಫೋರ್ಕ್‌ನ ಒಳಗಿನ ಬುಷ್ ಸವೆದರೂ ಬರುತ್ತದೆ, ಚಕ್ರದ ನಡುವಿನ ಹಬ್ ಬೇರಿಂಗ್ ಸಡಿಲ ಆದರೂ ಬರುತ್ತದೆ. ಎಲ್ಲಿಂದ ಅನ್ನುವುದನ್ನು ಬೆರಳಿಟ್ಟೇ ಹುಡುಕಬೇಕು. ಚಕ್ರವನ್ನು ಫೋರ್ಕ್‌ಗೆ ಬಿಗಿಯುವ ಕ್ವಿಕ್ ರಿಲೀಸ್ ಬಿಗಿಯಾಗಿದೆಯಾ ಅಂತಲೂ ನೋಡಿ.

ನಂದಿ ಬೆಟ್ಟ 1,478 ಮೀಟರ್ ಎತ್ತರ, ತಿರುವುಗಳು ಒಂದರ ಮೇಲೊಂದು. ಭಯಕ್ಕೆ ಬ್ರೇಕ್ ಬಿಡದೆ ಹಿಡಿದುಕೊಂಡೇ ಇಳಿದರೆ ಪ್ಯಾಡ್ ಸುಟ್ಟು ಗಾಜಿನಂತಾಗುತ್ತದೆ, ಮಾರನೆಯ ದಿನದಿಂದ ಕಿರುಚಾಟ ಶುರು. ತಿರುವಿಗೆ ಮುಂಚೆ ಚೆನ್ನಾಗಿ ಹಿಡಿದು, ಬಿಟ್ಟು, ಡಿಸ್ಕ್‌ಗೆ ಗಾಳಿ ಆಡಲು ಬಿಡಬೇಕು. ಕೆಳಗೆ ಬಂದ ತಕ್ಷಣ ಡಿಸ್ಕ್ ಮುಟ್ಟಬೇಡಿ, ಬೆರಳು ಸುಡುತ್ತದೆ. ತಣ್ಣೀರು ಹಾಕುವುದೂ ಬೇಡ.

ಮಳೆಯಲ್ಲಿ, ಮಂಜಿನಲ್ಲಿ ಬರುವ ಸದ್ದಿಗೆ ತಲೆ ಕೆಡಿಸಿಕೊಳ್ಳಬೇಡಿ. ಡಿಸ್ಕ್ ಒಣಗಿದರೆ ತಾನೇ ಹೋಗುತ್ತದೆ. ನಮ್ಮ ಕಡೆಯ ದೊಡ್ಡ ಕಾಟ ಅಂದರೆ ಕ್ರಷರ್ ಧೂಳು. ಜಲ್ಲಿ ಟಿಪ್ಪರ್ ಹಿಂದೆ ಒಂದು ವಾರ ಓಡಾಡಿದರೆ ಸಾಕು, ಆ ನುಣ್ಣನೆ ಕಲ್ಲಿನ ಪುಡಿ ಪ್ಯಾಡ್ ಒಳಗೆ ಕೂತು ಕರ ಕರ ಅನ್ನುತ್ತದೆ. ಹದಿನೈದು ದಿನಕ್ಕೊಮ್ಮೆ ಡಿಸ್ಕ್ ಒರೆಸುತ್ತೇನೆ. ವಾಟರ್ ಸರ್ವಿಸ್‌ಗೆ ಕೊಡುವುದು ನಿಲ್ಲಿಸಿದ್ದೇನೆ, ಮನೆಯಲ್ಲೇ ಬಕೆಟ್ ನೀರು. ಚೈನ್‌ಗೆ ಸ್ಪ್ರೇ ಬದಲು ಹನಿ ಹನಿಯಾಗಿ ಬಿಡುವ ಎಣ್ಣೆ.

ಹಿಂದಿನ ಬ್ರೇಕ್ ಮೂರು ವರ್ಷದಲ್ಲಿ ಒಮ್ಮೆಯೂ ಕಾಡಿಲ್ಲ. ಎರಡು ಸಲ ಪ್ಯಾಡ್ ಬದಲಾಯಿಸಿದ್ದೇನೆ, ಮುಂದಿನದಕ್ಕೆ ಎಣ್ಣೆ ಇಳಿದದ್ದೂ ಸೇರಿ ಮೂರು ಸಲ.

ಕೊರತೆ ಇಲ್ಲ ಅಂತಲ್ಲ. ಪ್ಯಾಡ್ ಸವೆದ ಹಾಗೆ ಇದು ತಾನಾಗಿ ಹೊಂದಿಕೊಳ್ಳುವುದಿಲ್ಲ, ಮಳೆಗಾಲದಲ್ಲಿ ಮೂರು ವಾರಕ್ಕೊಮ್ಮೆ ನಾವೇ ಬಿಗಿ ಮಾಡಬೇಕು. ಉದ್ದದ ಇಳಿಜಾರಿನಲ್ಲಿ ಬೆರಳು ನೋಯುತ್ತದೆ. ವಾರ ವಾರ ಬೆಟ್ಟ ಹತ್ತುವವರು ಸ್ವಲ್ಪ ಜಾಸ್ತಿ ದುಡ್ಡು ಹಾಕಿ ಹೈಡ್ರಾಲಿಕ್ ತೆಗೆದುಕೊಳ್ಳುವುದೇ ಒಳ್ಳೆಯದು. ನನ್ನಂತೆ ಕೆಲಸಕ್ಕೆ ಓಡಾಡುವವರಿಗೆ ಇದು ಧಾರಾಳ ಸಾಕು. ಐದಕ್ಕೆ ನಾಲ್ಕು ಕೊಡುತ್ತೇನೆ.

ಮುಂದಿನ ಪ್ಯಾಡ್ ಈಗ ಒಂದು ಮಿ.ಮೀ. ಉಳಿದಿದೆ. ಅರ್ಧ ಮಿ.ಮೀ.ಗೆ ಇಳಿಯುವ ಮುಂಚೆ ತೆಗೆಯಬೇಕು. ಹೊಸ ಜೋಡಿ ತಂದು ಕವರ್ ಬಿಚ್ಚದೆ ಪುಸ್ತಕದ ಕಪಾಟಿನಲ್ಲಿ ಇಟ್ಟಿದ್ದೇನೆ, ಅಡುಗೆಮನೆಯ ಎಣ್ಣೆ ಕೈ ಯಾರದ್ದೂ ತಾಗದ ಕಡೆ. ಬರುವ ಭಾನುವಾರ ಬೆಳಗ್ಗೆ ಆರಕ್ಕೆ ಮುದ್ದೇನಹಳ್ಳಿ ರಸ್ತೆಯಲ್ಲಿ ಮತ್ತೆ ಇಪ್ಪತ್ತು ಸಲ ಬ್ರೇಕ್ ಹಿಡಿಯುವ ಕೆಲಸ ಇದೆ.