ಮಲೆನಾಡಿನ ಮಳೆಗಾಲಕ್ಕೆ ಡಿಹ್ಯೂಮಿಡಿಫೈಯರ್: 12 ಲೀಟರ್ ಮಷಿನ್ ಬಳಸಿ ನೋಡಿದ್ಮೇಲೆ

ತೀರ್ಥಹಳ್ಳಿ, ಶೃಂಗೇರಿ ಕಡೆಯವರಿಗೆ ಈ ಕಷ್ಟ ಬಿಡಿಸಿ ಹೇಳೋದೇನೂ ಬೇಡ. ಆರಿದ್ರಾ ಮಳೆ ಹಿಡ್ಕೊಂಡ್ರೆ ಆಶ್ಲೇಷ ಮುಗಿಯೋ ತನಕ ಬೀರು ಬಾಗಿಲು ತೆಗೆದ್ರೆ ಮುಗ್ಗಲು ವಾಸನೆ, ಬೆಲ್ಟು, ಪರ್ಸು, ಹಾರ್ಮೋನಿಯಂ ತಿದಿ ಎಲ್ಲದರ ಮೇಲೂ ಬೂಷ್ಟು, ಅಮ್ಮನ ರೇಷ್ಮೆ ಸೀರೆ ಮಡಿಕೆಯಲ್ಲಿ ಕಲೆ. ನುಸಿ ಗುಳಿಗೆ ಇದಕ್ಕೆ ಏನೂ ಮಾಡಲ್ಲ, ಅದು ಹುಳಕ್ಕೆ ಅಷ್ಟೇ. ಅದಕ್ಕೇ ಈ ಸಲ ಡಿಹ್ಯೂಮಿಡಿಫೈಯರ್, ಅಂದ್ರೆ ರೂಮಿನ ಗಾಳಿಲಿರೋ ತೇವ ತೆಗೆಯೋ ಮಷಿನ್, 12 ಲೀಟರಿನ ಕಂಪ್ರೆಸರ್ ಮಾಡೆಲ್ ತಂದ್ವಿ, ಮಳೆಗಾಲ ಪೂರ್ತಿ ಓಡಿಸಿದ್ಮೇಲೆ ಬರೀತಿದೀನಿ.

ಒಳಗಿರೋದು ಫ್ರಿಜ್ಜಲ್ಲಿರೋ ತರದ್ದೇ ಕಂಪ್ರೆಸರ್ರು, ಗ್ಯಾಸು. ಫ್ಯಾನು ರೂಮಿನ ಗಾಳಿ ಎಳೆದು ತಣ್ಣಗಿರೋ ಕಾಯಿಲ್ ಮೇಲೆ ಹಾಯಿಸುತ್ತೆ, ಐಸ್ ನೀರು ಹಾಕಿಟ್ಟ ಸ್ಟೀಲ್ ಲೋಟ ಹೊರಗೆ ಬೆವರುತ್ತಲ್ಲ, ಹಂಗೆ ಗಾಳಿಲಿರೋ ತೇವ ಅಲ್ಲಿ ಹನಿ ಕಟ್ಟಿ ಕೆಳಗಿನ ಟ್ಯಾಂಕಿಗೆ ಇಳಿಯುತ್ತೆ, ಆಮೇಲೆ ಅದೇ ಗಾಳಿ ಬಿಸಿ ಕಾಯಿಲ್ ದಾಟಿ ಹೊರಗೆ ಬರುತ್ತೆ. ಹಂಗಾಗಿ ಎಸಿ ತರ ರೂಮು ತಂಪಾಗಲ್ಲ, ಸ್ವಲ್ಪ ಬೆಚ್ಚಗೇ ಆಗುತ್ತೆ, ಪುಷ್ಯ ಮಳೆ ಥಂಡಿಲಿ ಅದು ಹಿತವಾಗೇ ಇರುತ್ತೆ.

ಕೆಲಸ ಮಾಡುತ್ತಾ ಅಂದ್ರೆ, ಖಂಡಿತ ಮಾಡುತ್ತೆ, ಆದ್ರೆ ಬಾಗಿಲು ಕಿಟಕಿ ಮುಚ್ಚಿರೋ ಒಂದು ರೂಮಲ್ಲಿ ಮಾತ್ರ. ನಮ್ಮನೇಲಿ ಮುಚ್ಚಿಗೆ (ಸೀಲಿಂಗ್) ಇರೋ ಕೋಣೆಲಿ ಬೆಳಿಗ್ಗೆ ಹಾಕಿದ್ರೆ ಸಂಜೆ ಹೊತ್ತಿಗೆ ತೇವಾಂಶ ಶೇಕಡಾ 88ರಿಂದ 60ರ ಆಸುಪಾಸಿಗೆ ಇಳಿಯುತ್ತೆ, 60ರ ಕೆಳಗಿದ್ರೆ ಬೂಷ್ಟಿಗೆ ಬೆಳೆಯೋಕೆ ಕಷ್ಟ. ಅದನ್ನೇ ಬರೀ ಹೆಂಚಿನ ಮಾಡು ಇರೋ ಜಗುಲಿಲಿ ಇಟ್ರೆ ಹೆಂಚಿನ ಸಂದಿಯಿಂದ ಹೊರಗಿನ ಗಾಳಿ ಬರ್ತಾನೇ ಇರುತ್ತೆ, ಕರೆಂಟು ದಂಡ. ಗೋಡೆ ಸೋರ್ತಿದ್ರೆ ಮೊದಲು ಸೋರೋದನ್ನ ರಿಪೇರಿ ಮಾಡಿಸಿ.

ನನಗೆ ತುಂಬಾ ಇಷ್ಟ ಆಗಿದ್ದು ಬಟ್ಟೆ ಒಣಗೋದು. ಬಚ್ಚಲ ಒಲೆ ಮೇಲೆ ಹಗ್ಗ ಕಟ್ಟಿ ಹೊಗೆ ವಾಸನೆ ಹಿಡಿಸ್ಕೊಂಡು ಒಣಗಿಸೋ ಯೂನಿಫಾರ್ಮು, ಟವೆಲ್ಲು ಎಲ್ಲಾ ಈಗ ಅದೇ ಕೋಣೆಲಿ ಸ್ಟ್ಯಾಂಡ್ ಮೇಲೆ ಹರವಿ ರಾತ್ರಿ ಮಷಿನ್ ಹಾಕಿದ್ರೆ ಬೆಳಿಗ್ಗೆ ಒಣಗಿರುತ್ತೆ, ಜೀನ್ಸಿನ ಸೊಂಟದ ಪಟ್ಟಿ ಕೂಡ! ಮಕ್ಕಳಿರೋ ಮನೆಗೆ ಇದೊಂದಕ್ಕೇ ಕೊಟ್ಟ ದುಡ್ಡು ಸಾರ್ಥಕ.

ಡಬ್ಬದ ಮೇಲೆ 12 ಲೀಟರ್ ಅಂತ ಇದೆ ಅಂತ ದಿನಾ ಅಷ್ಟು ನೀರು ಬರಲ್ಲ. ಸಾಮಾನ್ಯವಾಗಿ ಆ ಲೆಕ್ಕ 30 ಡಿಗ್ರಿ ಶಾಖ, ಶೇಕಡಾ 80 ತೇವಾಂಶ ಇದ್ದಾಗಿಂದು, ನಮ್ಮಲ್ಲಿ ಜುಲೈಲಿ ಅಷ್ಟು ಸೆಕೆ ಎಲ್ಲಿರುತ್ತೆ, ಹಂಗಾಗಿ ಬರೋದು ಕಮ್ಮಿನೇ. ಕರೆಂಟು ಸುಮಾರು 250 ವ್ಯಾಟ್, ನಾಲ್ಕು ಗಂಟೆಗೆ ಒಂದು ಯೂನಿಟ್ ಅಂತ ಇಟ್ಕೊಳ್ಳಿ. ಸದ್ದು ಇದೆ, ಪಕ್ಕದಲ್ಲೇ ಮಲಗೋಕೆ ಕಷ್ಟ. ವೋಲ್ಟೇಜ್ ಏರಿಳಿತ ಜಾಸ್ತಿ ಇರೋ ಲೈನಾದ್ರೆ ಸ್ಟೆಬಿಲೈಸರ್ ಇಲ್ಲದೆ ಹಾಕ್ಬೇಡಿ, ಕರೆಂಟ್ ಹೋಗಿ ಬಂದ ಕೂಡ್ಲೇ ಆನ್ ಮಾಡ್ದೆ ಒಂದೈದು ನಿಮಿಷ ಬಿಡಿ. ಫಿಲ್ಟರ್ ಆಗಾಗ ತೊಳೀಬೇಕು, ಧೂಳು ಕೂತ್ರೆ ನೀರು ಬರೋದೇ ಕಮ್ಮಿ ಆಗುತ್ತೆ.

ಆನ್‌ಲೈನಲ್ಲಿ ಒಂದೆರಡು ಸಾವಿರಕ್ಕೆ ಸಿಗೋ ಪುಟಾಣಿ ಮಷಿನ್‌ಗಳಿವೆಯಲ್ಲ, ಅವುಗಳಲ್ಲಿ ಕಂಪ್ರೆಸರ್ ಇರಲ್ಲ, ಪೆಲ್ಟಿಯರ್ ಅನ್ನೋ ಸಣ್ಣ ಬಿಲ್ಲೆ ತಣ್ಣಗಾಗೋದು ಅಷ್ಟೇ. ಒಂದು ಬೀರುವಿಗೆ ಆದೀತು, ರೂಮಿಗೆ ದಯವಿಟ್ಟು ತಗೋಬೇಡಿ. ಕ್ಯಾಮೆರಾ ಲೆನ್ಸ್ ಮಾತ್ರ ಇದ್ರೆ ಗಾಳಿಯಾಡದ ಡಬ್ಬಿ, ಸಿಲಿಕಾ ಜೆಲ್ ಸಾಕು.

ತೇವಾಂಶ ಶೇಕಡಾ 55ಕ್ಕೆ ಸೆಟ್ ಮಾಡಿ ಇಡಿ, ತೀರಾ ಕೆಳಗಿಳಿಸಿದ್ರೆ ಮರದ ಸಾಮಾನು ಬಿರುಕು ಬಿಡುತ್ತೆ. ಟ್ಯಾಂಕಿನ ನೀರು ಕುಡಿಯೋಕಲ್ಲ, ನೆಲ ಒರೆಸೋಕೆ ಆಗುತ್ತೆ. ತಗೊಳೋವಾಗ ಹಿಂದೆ ಪೈಪ್ ಹಾಕೋ ತೂತು ಇದೆಯಾ ನೋಡ್ಕೊಳ್ಳಿ, ಇದ್ರೆ ಬಚ್ಚಲಿಗೆ ಬಿಟ್ಟುಬಿಡಬಹುದು, ಇಲ್ಲಾಂದ್ರೆ ಟ್ಯಾಂಕ್ ತುಂಬಿದ ತಕ್ಷಣ ಮಷಿನ್ ನಿಂತುಬಿಡುತ್ತೆ, ನಡುರಾತ್ರಿ ಎದ್ದು ಚೆಲ್ಲೋರು ಯಾರು.